ಸಿಡಿ ಹತ್ತೊಂಬತ್ತು ಇಲ್ಲದ ವಾರ

ಅಮ್ಮನ ಬಾಯಿಯೊಳಗೆ ಮೊದಲ ಗುಳ್ಳೆ ಎದ್ದಾಗ ನಾವಿಬ್ಬರೂ ಅದನ್ನು ಉಷ್ಣ ಅಂದುಕೊಂಡೆವು. ಡೊಂಬಿವಲಿಯ ಸೆಕೆ, ಜೊತೆಗೆ ಅವಳ ಉಪ್ಪಿನಕಾಯಿ ಚಪಲ. ಎಳನೀರು, ಮಜ್ಜಿಗೆ, ಜೀರಿಗೆ ಕಷಾಯ ಎಲ್ಲ ಆಯಿತು. ಗುಳ್ಳೆ ಒಡೆಯಿತು, ಪಕ್ಕದಲ್ಲಿ ಮತ್ತೆರಡು ಎದ್ದವು. ತಿಂಗಳಾಗುವ ಹೊತ್ತಿಗೆ ನಾಲಿಗೆಯ ಕೆಳಗೆ, ಕೆನ್ನೆಯ ಒಳಬದಿ, ಆಮೇಲೆ ಬೆನ್ನಿನ ಮೇಲೆ. ಮೂವತ್ತು ವರ್ಷ ಇದೇ ಊರಿನ ಕನ್ನಡ ಶಾಲೆಯಲ್ಲಿ ಪಾಠ ಹೇಳಿದ ಹೆಂಗಸು ಒಂದು ಲೋಟ ನೀರು ಬೇಕು ಅನ್ನಲಿಕ್ಕೂ ಕೈಸನ್ನೆ ಮಾಡತೊಡಗಿದಳು. ನನಗೆ ಸಿಟ್ಟು ಬಂತು. ರೋಗದ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ ಅಂತ ಯಾರಾದರೂ ಅಂದರೆ ಅವರ ಮೇಲೂ ಬರುತ್ತಿತ್ತು.

ಠಾಣೆಯ ಚರ್ಮದ ಡಾಕ್ಟರು ಅವಳ ಬೆನ್ನಿನಿಂದ ಕಾಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿ, ಹತ್ತು ದಿನದ ಮೇಲೆ "ಪೆಂಫಿಗಸ್" ಅಂದರು. ಅಮ್ಮನಿಗೆ ಅದೊಂದು ಹೆಸರು ಅಷ್ಟೆ. ನನಗೆ ಮಾತ್ರ ಅದೇನು ಅಂತ ಗೊತ್ತಿತ್ತು. ನಮ್ಮ ರಕ್ತದಲ್ಲಿ ಬಿ ಜೀವಕೋಶಗಳು ಅಂತ ಇರುತ್ತವೆ. ಹೊರಗಿನಿಂದ ನುಗ್ಗಿದ ರೋಗಾಣುವಿನ ವಿರುದ್ಧ ಪ್ರತಿಕಾಯ ತಯಾರಿಸುವುದು ಅವುಗಳ ಕೆಲಸ. ಅಮ್ಮನ ಮೈಯಲ್ಲಿ ಅವುಗಳಲ್ಲಿ ಕೆಲವು ದಾರಿ ತಪ್ಪಿ, ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟಿನ ವಿರುದ್ಧವೇ ಪ್ರತಿಕಾಯ ಮಾಡುತ್ತಿದ್ದವು. ಅಂಟು ಬಿಟ್ಟಲ್ಲೆಲ್ಲ ಗುಳ್ಳೆ.

ಗೊತ್ತಿತ್ತು ಅಂದೆನಲ್ಲ, ಅದೇ ನನ್ನ ಹೊಟ್ಟೆಪಾಡು. ತುರ್ಭೆಯ ಕಾರ್ಖಾನೆಗಳ ನಡುವೆ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾರು ವರ್ಷದಿಂದ ಇದ್ದೇನೆ. ಡೊಂಬಿವಲಿಯಿಂದ ಠಾಣೆ, ಅಲ್ಲಿ ಇಳಿದು ಸೇತುವೆ ಹತ್ತಿ, ಓಡಿ ನವಿ ಮುಂಬಯಿ ಕಡೆಯ ಲೋಕಲ್ ಹಿಡಿಯುವುದು. ಇಷ್ಟು ವರ್ಷದಲ್ಲಿ ಒಂದು ದಿನವೂ ಆ ಸೇತುವೆಯನ್ನು ನಡೆದು ದಾಟಿದವಳಲ್ಲ ನಾನು. ಗಾಡಿ ನಿಂತಿದ್ದರೂ ಓಡುತ್ತೇನೆ, ಇನ್ನೂ ಬಂದಿರದಿದ್ದರೂ ಓಡುತ್ತೇನೆ. ಕಾಯುವುದು ಅನ್ನುವ ವಿದ್ಯೆ ನನಗೆ ಯಾರೂ ಕಲಿಸಲಿಲ್ಲ, ಅಮ್ಮ ಕಲಿಸಲು ನೋಡಿ ಸೋತಳು.

ಕೆಲಸ ಏನೆಂದರೆ, ರಕ್ತದ ಕೋಶಗಳ ಮೈಮೇಲೆ ಇರುವ ಪ್ರೋಟೀನುಗಳನ್ನು ಗುರುತಿಸುವುದು. ಪ್ರತಿಯೊಂದಕ್ಕೂ ಒಂದು ನಂಬರು, ನಂಬರಿನ ಮುಂದೆ ಸಿಡಿ ಅಂತ ಎರಡಕ್ಷರ. ಬೇಕಾದ ಪ್ರೋಟೀನಿಗೆ ಮಾತ್ರ ಅಂಟುವ ಬಣ್ಣವನ್ನು ರಕ್ತಕ್ಕೆ ಹಾಕಿ, ಕೋಶಗಳನ್ನು ಒಂದೊಂದಾಗಿ ಲೇಸರಿನ ಮುಂದೆ ಹಾಯಿಸಬೇಕು. ಬಣ್ಣ ಹಿಡಿದವು ಪರದೆಯ ಒಂದು ಮೂಲೆಯಲ್ಲಿ ಚುಕ್ಕಿಗಳಾಗಿ ಗುಂಪುಗೂಡುತ್ತವೆ. ಅವನ್ನು ಎಣಿಸಿ, ರಿಪೋರ್ಟು ಬರೆದು, ನಮ್ಮ ಪೆಥಾಲಜಿಸ್ಟ್ ಮೇಡಂ ಮುಂದೆ ಇಡುತ್ತೇನೆ. ಅವರು ಹೆಚ್ಚು ಪ್ರಶ್ನೆ ಕೇಳದೆ ಸಹಿ ಹಾಕುತ್ತಾರೆ. ಅಷ್ಟು ನಂಬಿಕೆ ನನ್ನ ಮೇಲೆ.

ಒಂದು ಭಾನುವಾರ ಅಮ್ಮನಿಗೆ ಇದನ್ನೆಲ್ಲ ವಿವರಿಸಲು ಕೂತೆ.

"ಸಿಡಿ ಅಂದ್ರೆ ಎಂತ?" ಅಂತ ಕೇಳಿದಳು. ಒಂದೊಂದು ಅಕ್ಷರಕ್ಕೂ ಮುಖ ಕಿವಿಚುತ್ತಿದ್ದಳು.

"ಎಂತದೂ ಇಲ್ಲಮ್ಮ, ಇಂಗ್ಲಿಷಿನ ಎರಡು ಅಕ್ಷರ."

"ಅಲ್ಲ ಮಾರಾಯ್ತಿ. ಸಿಡಿಯುವುದು ನಿನ್ನ ಗುಣ. ಅದಕ್ಕೇ ನಿನಗೆ ಈ ಕೆಲಸ ಸಿಕ್ಕಿದ್ದು."

ಬಾಯಿ ಉರಿಯುತ್ತಿದ್ದರೂ ತಮಾಷೆ ಬಿಡದ ಹೆಂಗಸು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದು ದೊಡ್ಡ ಸೊನ್ನೆ ಬರೆದೆ. ಇದು ಬಿ ಕೋಶ. ಸುತ್ತ ಮುಳ್ಳಿನ ಹಾಗೆ ಕಾಣುವುದು ಗ್ರಾಹಕಗಳು, ಶತ್ರು ತಾಗಿದರೆ ಒಳಗೆ ಸುದ್ದಿ ಕಳಿಸುವುದು ಇವೇ. ಆದರೆ ಗ್ರಾಹಕ ಒಂಟಿಯಲ್ಲ. ಪಕ್ಕದಲ್ಲಿ ಸಿಡಿ ಹತ್ತೊಂಬತ್ತು ಇರುತ್ತದೆ. ಅದು ಹುರಿದುಂಬಿಸುವ ಜಾತಿ. ಸ್ವಲ್ಪ ತಾಗಿದರೂ ಸಾಕು, ಸುದ್ದಿಯನ್ನು ದೊಡ್ಡದು ಮಾಡಿ ಒಳಗೆ ದಾಟಿಸುತ್ತದೆ. ಸಿಡಿ ಇಪ್ಪತ್ತೆರಡು ತದ್ವಿರುದ್ಧ. ನಮ್ಮದೇ ಕೋಶಗಳ ಮೇಲೆ ಒಂದು ಬಗೆಯ ಸಕ್ಕರೆ ಇರುತ್ತದೆ, ಅದನ್ನು ಗುರುತು ಹಿಡಿದು, ಇದು ಮನೆಯವರೇ, ಬಿಡು ಅಂತ ಸುದ್ದಿಯನ್ನು ತಗ್ಗಿಸುತ್ತದೆ. ಸಿಡಿ ಇಪ್ಪತ್ತರ ಕೆಲಸ ಏನು ಅಂತ ಬಹಳ ಕಾಲ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗ್ರಾಹಕಗಳನ್ನು ಅವುಗಳ ಜಾಗದಲ್ಲಿ ಕೂರಿಸಿ, ಕೆಲಸವಿಲ್ಲದಾಗ ಕೋಶ ಸುಮ್ಮನಿರುವಂತೆ ನೋಡಿಕೊಳ್ಳುತ್ತದೆ ಅಂತ ಈಗ ಹೇಳುತ್ತಾರೆ. ಹುರಿದುಂಬಿಸುವವರೂ ತಡೆಯುವವರೂ ಸಮ ಇದ್ದರೆ ಎಲ್ಲ ಸರಿ. ಅಮ್ಮನಲ್ಲಿ ಎಲ್ಲಿ ತಪ್ಪಿತು ಅಂತ ನನಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

ಅಮ್ಮ ಚಿತ್ರವನ್ನೇ ನೋಡುತ್ತಿದ್ದಳು. "ಆ ಇಪ್ಪತ್ತೆರಡು ಉಂಟಲ್ಲ," ಅಂದಳು, "ಅದನ್ನು ನಿನಗೆ ಒಂದು ಡಜನ್ ಹಾಕಿಸಬೇಕು."

ಡಾಕ್ಟರು ಬರೆದುಕೊಟ್ಟ ಔಷಧಿ ಈ ಏರುಪೇರನ್ನು ರಿಪೇರಿ ಮಾಡುವಂಥದ್ದಲ್ಲ, ಅದನ್ನೂ ಅದೇ ಕ್ಯಾಲೆಂಡರಿನ ಮೇಲೆ ಬರೆದು ತೋರಿಸಿದೆ. ಅದು ನೇರ ಹೋಗಿ ಸಿಡಿ ಇಪ್ಪತ್ತನ್ನು ಹಿಡಿದು ಕೂರುತ್ತದೆ, ಹಿಡಿಸಿಕೊಂಡ ಕೋಶ ಸಾಯುತ್ತದೆ. ಒಳ್ಳೆಯ ಬಿ ಕೋಶ, ಕೆಟ್ಟ ಬಿ ಕೋಶ ಅನ್ನುವ ಭೇದವಿಲ್ಲ. ಎಲ್ಲ ಹೋಗಿ, ಕೆಲವು ತಿಂಗಳ ಮೇಲೆ ಹೊಸದಾಗಿ ಹುಟ್ಟುವವು ಸುಬುದ್ಧಿಯವಾಗಿರಲಿ ಅನ್ನುವುದು ಆಸೆ. ನೆರೂಳದ ಒಂದು ಆಸ್ಪತ್ರೆಯಲ್ಲಿ ಎರಡು ಸಲ, ಹದಿನೈದು ದಿನದ ಅಂತರದಲ್ಲಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಹನಿ ಹನಿಯಾಗಿ ಕೊಟ್ಟರು. ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು. ನಾನು ಆ ಕಾರಿಡಾರನ್ನು ಎಷ್ಟು ಸಲ ಸುತ್ತಿದೆನೆಂದರೆ ನರ್ಸು ಬಂದು "ಪೇಷಂಟು ಅವರಾ, ನೀವಾ?" ಅಂದಳು.

ಜೊತೆಗೆ ಸ್ಟೀರಾಯ್ಡ್ ಮಾತ್ರೆ. ಗುಳ್ಳೆ ಏನೋ ತಗ್ಗಿತು, ಆದರೆ ಅಮ್ಮನ ಮುಖ ಊದಿತು, ಸಕ್ಕರೆ ಏರಿತು, ಕೈ ನಡುಗತೊಡಗಿತು. ಡಾಕ್ಟರು ಹೇಳಿದರು: ಎರಡು ತಿಂಗಳಿಗೆ ಬಿ ಕೋಶದ ಎಣಿಕೆ ಮಾಡಿಸಿ, ಪೂರ್ತಿ ಹೋಗಿದ್ದರೆ ಮಾತ್ರೆಯನ್ನು ಬೇಗ ಬೇಗ ಇಳಿಸೋಣ, ಉಳಿದಿದ್ದರೆ ಮೆಲ್ಲ. ಎಲ್ಲ ಆ ಒಂದು ಎಣಿಕೆಯ ಮೇಲೆ ನಿಂತಿತು.

ಎರಡು ತಿಂಗಳಾದ ದಿನವೇ ನಾನೇ ಅಮ್ಮನ ರಕ್ತ ತೆಗೆದು, ಬ್ಯಾಗಿನಲ್ಲಿ ಜೋಪಾನವಾಗಿಟ್ಟುಕೊಂಡು ತುರ್ಭೆಗೆ ಒಯ್ದೆ. ಆ ವಾರ ಲ್ಯಾಬಿನಲ್ಲಿ ಸಿಡಿ ಹತ್ತೊಂಬತ್ತರ ಬಣ್ಣ ಮುಗಿದಿತ್ತು. ಹೊಸ ಬಾಟಲಿ ಬರಲು ಇನ್ನೂ ನಾಲ್ಕು ದಿನ. ಬಿ ಕೋಶ ಎಣಿಸುವುದು ಯಾವಾಗಲೂ ಹತ್ತೊಂಬತ್ತರಿಂದ. ಬಾಟಲಿ ಇಲ್ಲದಿದ್ದರೆ ಬೇರೆ ಲ್ಯಾಬಿಗೆ ಕಳಿಸಬೇಕು, ಇಲ್ಲವೇ ಮುಂದಿನ ವಾರ ಹೊಸ ರಕ್ತ ತೆಗೆಯಬೇಕು. ಫ್ರಿಜ್ಜಿನಲ್ಲಿ ರಕ್ತದ ಕ್ಯಾನ್ಸರ್ ಪರೀಕ್ಷೆಗೆ ಇಟ್ಟ ಸಿಡಿ ಇಪ್ಪತ್ತರ ಬಾಟಲಿ ಇತ್ತು. ಎರಡೂ ಬಿ ಕೋಶದ ಮೈಮೇಲೇ ಇರುವಂಥವು, ಒಂದಿಲ್ಲದಿದ್ದರೆ ಇನ್ನೊಂದು, ಅದರಲ್ಲಿ ಎಂತ ಮಹಾ ಅಂದುಕೊಂಡೆ. ಆ ವಾರ ಬಂದ ಬಿ ಕೋಶದ ಎಣಿಕೆಗಳನ್ನೆಲ್ಲ ಹಾಗೇ ಮುಗಿಸಿದೆ, ಮೇಡಂಗೂ ಹೇಳಲಿಲ್ಲ.

ಅಮ್ಮನ ಪರದೆಯ ಮೂಲೆ ಖಾಲಿ. ಒಂದು ಚುಕ್ಕಿ ಇಲ್ಲ. "ಬಿ ಸೆಲ್ಸ್: ಆ್ಯಬ್ಸೆಂಟ್" ಅಂತ ಬರೆದು, ಮೇಡಂ ಸಹಿ ಹಾಕಿಸಿ, ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಅಮ್ಮನಿಗೆ ಫೋನು ಮಾಡಿದೆ. "ಎಲ್ಲ ಹೋಯ್ತಮ್ಮ! ಒಂದೂ ಇಲ್ಲ!" ಅಂತ ಕಿರುಚಿದೆ. ಪಕ್ಕದಲ್ಲಿ ನಿಂತ ಮೀನಿನ ಬುಟ್ಟಿಯ ಹೆಂಗಸು ಗಾಬರಿಯಿಂದ ನನ್ನ ಕಡೆ ನೋಡಿದಳು. ಪಾಪ, ಮನೆಯಲ್ಲಿ ಕಳ್ಳತನ ಆಗಿದೆ ಅಂದುಕೊಂಡಿರಬೇಕು.

ಡಾಕ್ಟರು ಮಾತ್ರೆ ಇಳಿಸಿದರು, ಮಾತು ಕೊಟ್ಟ ಹಾಗೆ ಬೇಗ ಬೇಗ. ಅಮ್ಮ ಮೂರು ವಾರ ಮನುಷ್ಯರ ಹಾಗೆ ಉಂಡಳು. ನಾಲ್ಕನೆಯ ವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬ್ರಶ್ಶನ್ನು ಬೇಸಿನ್ನಿನಲ್ಲಿ ಬಿಟ್ಟು ನನ್ನ ಕಡೆ ತಿರುಗಿದಳು. ತುಟಿಯಲ್ಲಿ ರಕ್ತ. ನಾನು ಟಾರ್ಚು ಹಾಕಿ ನೋಡಿದೆ. ಒಳಗೆಲ್ಲ ಎದ್ದಿತ್ತು, ಮೊದಲಿಗಿಂತ ಜಾಸ್ತಿ.

ಮತ್ತೆ ರಕ್ತ, ಮತ್ತೆ ತುರ್ಭೆ. ಈಗ ಹತ್ತೊಂಬತ್ತರ ಹೊಸ ಬಾಟಲಿ ಬಂದಿತ್ತು. ಅದನ್ನು ಹಾಕಿದೆ, ಹಳೆಯದಕ್ಕೆ ಹೋಲಿಸಿ ನೋಡೋಣ ಅಂತ ಇಪ್ಪತ್ತನ್ನೂ ಹಾಕಿದೆ. ಪರದೆಯ ಮೇಲೆ ಹತ್ತೊಂಬತ್ತರ ಕಡೆ ಚುಕ್ಕಿಗಳ ಒಂದು ದಟ್ಟ ಗುಂಪು. ಇಪ್ಪತ್ತರ ಕಡೆ ಖಾಲಿ.

ಕುರ್ಚಿಯಿಂದ ಎದ್ದೆ, ಕೂತೆ, ಮತ್ತೆ ಎದ್ದೆ. ಔಷಧಿ ಸಿಡಿ ಇಪ್ಪತ್ತನ್ನು ಹಿಡಿದು ಕೂರುತ್ತದೆ ಅಂತ ಅಮ್ಮನಿಗೆ ಕ್ಯಾಲೆಂಡರಿನ ಮೇಲೆ ಬರೆದು ತೋರಿಸಿದವಳು ನಾನೇ. ಅದು ಕೂತ ಜಾಗದಲ್ಲಿ ನನ್ನ ಬಣ್ಣ ಎಲ್ಲಿ ಅಂಟಬೇಕು? ಲೋಕಲ್ಲಿನಲ್ಲಿ ರುಮಾಲು ಹಾಕಿ ಹಿಡಿದ ಸೀಟಿನ ಹಾಗೆ ಅದು. ಕೋಶಗಳು ಪೂರ್ತಿ ಹೋಗಿರಲೇ ಇಲ್ಲ. ಒಂದಷ್ಟು ಸಾಯದೆ, ಔಷಧಿಯನ್ನು ಮೈಗೆ ಹೊದ್ದುಕೊಂಡು ಓಡಾಡುತ್ತಿದ್ದವು. ನನ್ನ ಯಂತ್ರಕ್ಕೆ ಕಾಣಲಿಲ್ಲ. ಈ ಔಷಧಿ ತೆಗೆದುಕೊಂಡವರ ರಕ್ತವನ್ನು ಇಪ್ಪತ್ತರಿಂದ ಎಣಿಸಬಾರದು ಅಂತ ಹೊಸಬರಿಗೆ ಪಾಠ ಹೇಳುವವಳು ನಾನು. ಗೊತ್ತಿದ್ದೂ ಮಾಡಿದೆ. ನಾಲ್ಕು ದಿನ ತಡೆದುಕೊಳ್ಳಲಾಗದೆ ನನ್ನ ತಾಯಿಯ ಬಾಯಿಯನ್ನು ನಾನೇ ಹಾಳು ಮಾಡಿದೆ.

ಹೊಸ ರಿಪೋರ್ಟಿನಲ್ಲಿ ಸರಿಯಾದ ಎಣಿಕೆ ಬರೆದೆ. ಹಳೆಯದು ತಪ್ಪು ಅಂತ ಬರೆಯಲಿಲ್ಲ. ಡಾಕ್ಟರು ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡು ತಲೆಯಾಡಿಸಿದರು. "ಸೊನ್ನೆಯಾದದ್ದು ಒಂದೇ ತಿಂಗಳಲ್ಲಿ ಇಷ್ಟು ವಾಪಸ್ಸು ಬಂದಿದೆ. ಇವರ ಮೈಗೆ ಈ ಔಷಧಿ ನಿಲ್ಲುವುದಿಲ್ಲ." ಹಳೆಯ ಕಾಲದ ಒಂದು ಕಟುವಾದ ಔಷಧಿ ಇದೆ, ಅದು ಎಲ್ಲ ಬಗೆಯ ಕೋಶಗಳನ್ನೂ ಹೊಡೆಯುತ್ತದೆ, ಎಪ್ಪತ್ತೊಂದರ ವಯಸ್ಸಿಗೆ ಕಷ್ಟವೇ, ಆದರೆ ಬೇರೆ ದಾರಿ ಕಾಣುವುದಿಲ್ಲ, ಮುಂದಿನ ವಾರ ಶುರು ಮಾಡೋಣ ಅಂದರು. ಅಮ್ಮ ತಲೆದೂಗಿದಳು. ನನ್ನ ಒಂದು ವಾಕ್ಯ ಸಾಕಿತ್ತು: ಸರ್, ಅದು ಸೊನ್ನೆ ಆಗಿರಲೇ ಇಲ್ಲ. ಹೊರಗೆ ಬರಲಿಲ್ಲ. ಯಾವ ಮಾತನ್ನೂ ನುಂಗಿ ಗೊತ್ತಿಲ್ಲದ ನಾನು ಅದೊಂದನ್ನು ನುಂಗಿದೆ.

ಆಮೇಲಿನ ಮೂರು ದಿನ ಎಂಥ ದಿನಗಳೋ! ಲ್ಯಾಬಿನಲ್ಲಿ ಎರಡು ಟ್ಯೂಬು ಒಡೆದೆ. ಲೇಡೀಸ್ ಡಬ್ಬಿಯಲ್ಲಿ ಜಾಗಕ್ಕೆ ಜಗಳ ಮಾಡಿ, ಜಾಗ ಸಿಕ್ಕಿದ ಮೇಲೆ ಕೂರದೆ ನಿಂತೆ. ಶುಕ್ರವಾರ ಸಂಜೆ ಡೊಂಬಿವಲಿ ಬಂತು, ಎಲ್ಲರೂ ತಳ್ಳಾಡಿ ಇಳಿದರು, ನನ್ನ ಕಾಲು ಏಳಲಿಲ್ಲ. ಗಾಡಿ ಕಲ್ಯಾಣಕ್ಕೆ ಒಯ್ದಿತು. ಅಲ್ಲಿ ಇಳಿದು ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆದೆ. ಹೇಳಿದರೆ ಡಾಕ್ಟರ ಮುಂದೆ, ಮೇಡಂ ಮುಂದೆ ಮಾನ ಹೋಗುತ್ತದೆ, ಕೆಲಸವೂ ಹೋಗಬಹುದು. ಹೇಳದಿದ್ದರೆ ಅಮ್ಮನ ಮೈಗೆ ಬೇಕಿಲ್ಲದ ವಿಷ ಹೋಗುತ್ತದೆ. ಇದರಲ್ಲಿ ಯೋಚಿಸಲಿಕ್ಕೆ ಏನಿದೆ? ಆದರೂ ಯೋಚಿಸಿದೆ. ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ, ಪೂರ್ತಿ ಮುಕ್ಕಾಲು ಗಂಟೆ ಯೋಚಿಸಿದೆ.

ಮರುದಿನ ಬೆಳಿಗ್ಗೆ ಗಂಜಿ ಆರಿಸಿ ಅಮ್ಮನ ಮುಂದಿಟ್ಟು, ನಿಂತುಕೊಂಡೇ ಎಲ್ಲ ಹೇಳಿದೆ. ಬಾಟಲಿ ಮುಗಿದದ್ದು, ಇಪ್ಪತ್ತು ಹಾಕಿದ್ದು, ರುಮಾಲು ಹಾಕಿದ ಸೀಟು, ಡಾಕ್ಟರ ಮುಂದೆ ಸುಮ್ಮನಿದ್ದದ್ದು. ಅಮ್ಮ ಚಮಚ ಕೆಳಗಿಟ್ಟಳು. ಹಳೆಯ ರಿಪೋರ್ಟು ತಾ ಅಂತ ಕೈ ಮಾಡಿದಳು. ಕನ್ನಡಕ ಹಾಕಿಕೊಂಡು ಆ ಒಂದು ಸಾಲನ್ನು ಓದಿದಳು.

"ಆ್ಯಬ್ಸೆಂಟ್," ಅಂದಳು.

"ಹೌದು."

"ನಾನು ಮೂವತ್ತು ವರ್ಷ ಹಾಜರಿ ಕರೆದವಳು." ಮಾತಾಡಿದರೆ ಒಸಡಿನಲ್ಲಿ ರಕ್ತ ಬರುತ್ತಿತ್ತು, ಬಟ್ಟೆಯಲ್ಲಿ ಒತ್ತಿಕೊಂಡು ಮುಂದುವರಿಸಿದಳು. "ಹೆಸರು ಕೂಗಿದಾಗ ಉತ್ತರ ಕೊಡದ ಮಕ್ಕಳನ್ನೆಲ್ಲ ಗೈರು ಅಂತ ಬರೀಲಿಕ್ಕೆ ಆಗ್ತದಾ? ಒಬ್ಬಳಿಗೆ ಗಂಟಲು ಕಟ್ಟಿರ್ತದೆ. ಒಬ್ಬಳು ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕ್ತಾ ಇರ್ತಾಳೆ. ತಲೆ ಎತ್ತಿ ನೋಡಬೇಕು. ನೋಡಿ ಆಮೇಲೆ ಬರೀಬೇಕು. ನಿನಗೆ ಕಾಣಲಿಲ್ಲ, ಅಷ್ಟೆ. ಕಾಣಲಿಲ್ಲ ಅಂತ ಬರೀಬೇಕಿತ್ತು. ಇಲ್ಲ ಅಂತ ಬರೀಲಿಕ್ಕೆ ನೀನು ಯಾರು?"

ನಾನು ಅತ್ತೆ. ನಲವತ್ತಮೂರು ವರ್ಷದ ಹೆಂಗಸು, ಹಾಜರಿ ಪುಸ್ತಕದ ಮುಂದೆ ಸಿಕ್ಕಿಬಿದ್ದ ಹಾಗೆ ನಿಂತು ಅತ್ತೆ. ಅಮ್ಮ ಸಮಾಧಾನ ಮಾಡಲಿಲ್ಲ. ಅವಳಿಗೆ ನಿಜವಾಗಿ ಸಿಟ್ಟು ಬಂದಿತ್ತು, ಕಿವಿ ಕೆಂಪಾಗಿತ್ತು. ಗಂಜಿಯನ್ನು ಪಕ್ಕಕ್ಕೆ ಸರಿಸಿ, ನೋಯುವ ಬಾಯಿಗೆ ಸಾಕು ಅನ್ನಿಸಿತೋ ಏನೋ, ರಿಪೋರ್ಟಿನ ಅಂಚಿನಲ್ಲಿ ಪೆನ್ನಿನಿಂದ ಬರೆದು ನನ್ನ ಕಡೆ ತಳ್ಳಿದಳು. ಆ ನೇರ, ಗುಂಡು ಅಕ್ಷರ. "ಆ ವಾರ ಇನ್ನು ಯಾರದ್ದು ಹೀಗೆ ಬರೆದಿದ್ದೀ?"

ಮೂರು ದಿನ ನನ್ನನ್ನು ನಾನು ಹಿಂಸಿಸಿಕೊಂಡಿದ್ದೆನಲ್ಲ, ಒಂದು ಕ್ಷಣವೂ ಈ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ. ಅಮ್ಮ, ನಾನು, ನನ್ನ ಮಾನ, ಅಷ್ಟರಲ್ಲೇ ಸುತ್ತಿದ್ದೆ. ಚಪ್ಪಲಿ ಮೆಟ್ಟಿಕೊಂಡೆ.

ಅಮ್ಮನ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ, ಓದುವವರನ್ನು ಕಾಯಿಸುವುದು ಸರಿಯಲ್ಲ. ದಾರಿಯಲ್ಲಿ ಠಾಣೆಯಲ್ಲಿ ಇಳಿದು ಡಾಕ್ಟರಿಗೆ ಎಲ್ಲ ಹೇಳಿದೆ. ಚೆನ್ನಾಗಿ ಬೈದರು, ಬೈಯಬೇಕಾದ್ದೇ. ಕಟುವಾದ ಔಷಧಿಯ ಚೀಟಿಯನ್ನು ಹರಿದು, ಮೊದಲಿನದನ್ನೇ ಇನ್ನೊಂದು ಸಲ ಕೊಡೋಣ, ಮಾತ್ರೆ ಮೆಲ್ಲ ಇಳಿಸೋಣ ಅಂದರು. ಇದನ್ನು ಬರೆಯುವ ಹೊತ್ತಿಗೆ ಅಮ್ಮನ ಬಾಯಿ ಬಹುಮಟ್ಟಿಗೆ ಮಾಗಿದೆ. ಎಣಿಕೆ ಈಗ ಬೇರೊಬ್ಬರು ಮಾಡುತ್ತಾರೆ, ಹತ್ತೊಂಬತ್ತರಿಂದಲೇ. ಆ ವಿಷಯದಲ್ಲಿ ಅವಳು ನನ್ನನ್ನು ಪೂರ್ತಿ ಕ್ಷಮಿಸಿದ ಹಾಗೆ ಕಾಣುವುದಿಲ್ಲ. ನಾನೂ ಕೇಳಿಲ್ಲ.

ಆ ಶನಿವಾರ ಲ್ಯಾಬಿಗೆ ಹೋಗಿ ಮೇಡಂ ಮುಂದೆ ನಿಂತು ಎಲ್ಲ ಹೇಳಿದೆ. ಅವರ ಮುಖ ಬಿಳಚಿಕೊಂಡಿತು. ಸಹಿ ಅವರದ್ದಲ್ಲವೇ. ಕೂಗಾಡಲಿಲ್ಲ, "ರಿಜಿಸ್ಟರು ತೆಗಿ" ಅಂದರು. ಆ ವಾರ ನಾಲ್ಕು ಬಿ ಕೋಶದ ಎಣಿಕೆ ಮಾಡಿದ್ದೆ. ಇಬ್ಬರು ಈ ಔಷಧಿ ತೆಗೆದುಕೊಂಡವರಲ್ಲ, ಅವರ ಎಣಿಕೆಗೆ ತೊಂದರೆ ಇರಲಿಲ್ಲ. ಇನ್ನೊಂದು ಅಮ್ಮನದು. ನಾಲ್ಕನೆಯದು ಬದಲಾಪುರದ ಒಬ್ಬ ಹೆಂಗಸಿನದು, ನನ್ನದೇ ವಯಸ್ಸು, ಅಮ್ಮನದೇ ರೋಗ, ಅದೇ ಔಷಧಿ. "ಬಿ ಸೆಲ್ಸ್: ಆ್ಯಬ್ಸೆಂಟ್." ಅವಳ ಡಾಕ್ಟರಿಗೆ ಫೋನು ಮಾಡಿದೆವು. ಊರಲ್ಲಿಲ್ಲ, ಫೋನೂ ತೆಗೆಯುತ್ತಿಲ್ಲ. ಮೇಡಂ ತಿದ್ದಿದ ರಿಪೋರ್ಟನ್ನು ಅವರಿಗೆ ಕಳಿಸಿ, "ಪೇಷಂಟಿಗೆ ನೀನೇ ಮಾಡು, ನನ್ನ ಮುಂದೆಯೇ ಮಾಡು" ಅಂದರು.

ಎರಡನೆಯ ರಿಂಗಿಗೇ ಎತ್ತಿದಳು. ಮರಾಠಿಯಲ್ಲಿ ಮಾತು. ಲ್ಯಾಬಿನಿಂದ ಅಂದ ಕೂಡಲೇ ದನಿ ಅರಳಿತು. "ಅಯ್ಯೋ ತಾಈ!" ಅಂದಳು. ಅಕ್ಕ ಅನ್ನುವುದಕ್ಕೆ ಅವರು ಹಾಗೆ ಅನ್ನುತ್ತಾರೆ. "ನಿಮ್ಮ ರಿಪೋರ್ಟು ಬಂದ ದಿನ ಬಿಲ್ಡಿಂಗಿಗೆಲ್ಲ ಪೇಡೆ ಹಂಚಿದ್ದೇವೆ ಗೊತ್ತಾ? ಮಾತ್ರೆ ಎಷ್ಟೋ ಇಳಿದಿದೆ. ಮುಖದ ಊತ ಕೂಡ ಇಳಿಯಿತು. ಮಗಳು ಹೇಳ್ತಾಳೆ, ಆಯಿ, ಈಗ ನೀನು ನೀನೇ ಅಂತ ಗುರುತು ಸಿಗ್ತದೆ ಅಂತ."

ಎದ್ದು ನಿಲ್ಲಬೇಕು ಅನ್ನಿಸಿತು. ಕುರ್ಚಿಯ ಅಂಚನ್ನು ಹಿಡಿದು ಕೂತೆ. ನನಗೆ ಬರುವ ಮರಾಠಿಯಲ್ಲಿ, ತಡವರಿಸದೆ ಹೇಳಿದೆ: ಆ ರಿಪೋರ್ಟು ಬರೆದವಳು ನಾನು, ಅದು ತಪ್ಪು, ಇಲ್ಲ ಅಂತ ಬರೆದೆ, ನಿಜವಾಗಿ ನನಗೆ ಕಾಣಲಿಲ್ಲ ಅಷ್ಟೆ, ಇನ್ನು ಮಾತ್ರೆ ಇಳಿಸಬೇಡಿ, ನಿಮ್ಮ ಡಾಕ್ಟರು ಸಿಗದಿದ್ದರೆ ಬೇರೆಯವರನ್ನಾದರೂ ಇವತ್ತೇ ನೋಡಿ.

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು. ಯಾರೋ ಅದನ್ನು ಆರಿಸಿದರು.

"ತಾಈ," ಅಂದಳು, ದನಿ ತಗ್ಗಿಸಿ. "ಮೂರು ದಿನದಿಂದ ತುಟಿಯ ಒಳಗೆ ಉರೀತಿದೆ. ರಿಪೋರ್ಟಿನಲ್ಲಿ ಇಲ್ಲ ಅಂತ ಇದೆಯಲ್ಲ, ಬಿಸಿ ಚಹಾ ಕುಡಿದದ್ದಕ್ಕೆ ಇರಬೇಕು ಅಂತ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅದು ಚಹಾದ್ದು ಅಲ್ವಾ?"

"ಅಲ್ಲ," ಅಂದೆ.